ಒರೆಸಿ ಬರೆಯುವ ವಿದ್ಯೆ

ಬರವಣಿಗೆ ಸುಧಾರಿಸೋಕೆ ಏನು ಮಾಡಬೇಕು ಸಾರ್ ಎಂದು ಕೇಳಿಕೊಂಡು ಈಗಲೂ ಹುಡುಗರು ಮನೆಗೆ ಬರುತ್ತಾರೆ. ತಳಿ, ಡೆಂಕಣಿಕೋಟೆ ಕಡೆಯ ಯೂನಿಯನ್ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಯಾವ ನಿಘಂಟು ಕೊಳ್ಳಬೇಕು, ಯಾವ ವ್ಯಾಕರಣ ಓದಬೇಕು, ಫೋನಿಗೆ ಯಾವ ಕೀಲಿಮಣೆ ಹಾಕಿಕೊಳ್ಳಬೇಕು ಎಂಬುದಕ್ಕೆಲ್ಲ ನನ್ನ ಹತ್ತಿರ ಉತ್ತರ ಉಂಟು. ಆದರೆ ಮೊದಲು ನಾನು ಕೇಳುವುದು ಒಂದೇ ಪ್ರಶ್ನೆ: ಬರೆದದ್ದನ್ನು ಒರೆಸೋದಕ್ಕೆ ನಿನ್ನ ಹತ್ರ ಏನಿದೆಯಪ್ಪಾ? ಹುಡುಗರು ನಗುತ್ತಾರೆ. ಮೇಷ್ಟ್ರಿಗೆ ವಯಸ್ಸಾಯಿತು ಅಂದುಕೊಳ್ಳುತ್ತಾರೋ ಏನೋ.

ನಮ್ಮ ಹೊಸೂರು–ಕೃಷ್ಣಗಿರಿ ಸೀಮೆಯಲ್ಲಿ ಸಾವಿರ ವರ್ಷಕ್ಕೂ ಮೇಲ್ಪಟ್ಟು ಕನ್ನಡ ಬರೆಯುತ್ತ ಬಂದಿದ್ದಾರೆ. ಆ ಬರವಣಿಗೆಯ ಚರಿತ್ರೆಯನ್ನು ರಾಜರ ಕಡೆಯಿಂದ ಹೇಳಿದವರಿದ್ದಾರೆ, ಲಿಪಿಯ ಕಡೆಯಿಂದ ಹೇಳಿದವರಿದ್ದಾರೆ. ತಿದ್ದುಪಡಿಯ ಕಡೆಯಿಂದ ನೋಡಿದರೆ ಅದರ ಮುಖವೇ ಬೇರೆ. ಬರೆದದ್ದನ್ನು ಯಾರು ಅಳಿಸಬಹುದಿತ್ತು, ಯಾರು ಅಳಿಸಕೂಡದಿತ್ತು, ಅಳಿಸಲು ಕೈಯಲ್ಲಿ ಏನಿತ್ತು ಎಂದು ಕೇಳುತ್ತ ಹೋದರೆ ಶಾಸನದಿಂದ ಸ್ಲೇಟಿನವರೆಗೆ ಒಂದು ದಾರಿ ಸಿಗುತ್ತದೆ.

ಕಲ್ಲಿನಿಂದಲೇ ಶುರು ಮಾಡೋಣ. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಅದಕ್ಕೆ ಮೊದಲು ಧರ್ಮಪುರಿಗೆ ಸೇರಿತ್ತು, 1965ಕ್ಕೆ ಮೊದಲು ಎರಡೂ ಸೇಲಂ ಜಿಲ್ಲೆಯೊಳಗಿದ್ದವು. ಧರ್ಮಪುರಿಯ ಹಳೆಯ ಹೆಸರು ತಗಡೂರು. ಅಲ್ಲಿ ಶಕ 815ರ, ಅಂದರೆ ಕ್ರಿ.ಶ. 893ರ, ನೊಳಂಬರ ಕಾಲದ ಕನ್ನಡ ಶಾಸನವಿದೆ. ಶ್ರೀಮಂಗಲದ ಸೆಟ್ಟಿಯೊಬ್ಬನ ಮಕ್ಕಳು ನಿಧಿಯಣ್ಣ, ಚಂಡಿಯಣ್ಣ ಎಂಬವರು ತಗಡೂರಿನಲ್ಲಿ ಬಸದಿ ಕಟ್ಟಿಸಿದ್ದು, ಮಹೇಂದ್ರ ನೊಳಂಬನಿಂದ ಮೂಲಪಳ್ಳಿ ಎಂಬ ಊರನ್ನು ಪಡೆದು ದಾನ ಬಿಟ್ಟದ್ದು ಅದರ ವಿಷಯ. ಇಂಥ ಶಾಸನ ಒಬ್ಬನ ಕೈಯ ಕೆಲಸವಲ್ಲ. ಒಬ್ಬ ಪಾಠ ರಚಿಸುತ್ತಾನೆ, ಕಲ್ಲಿನ ಮೇಲೆ ಅಕ್ಷರ ಗೀಚಿ ಗುರುತು ಮಾಡುತ್ತಾರೆ, ಆಮೇಲೆ ರೂವಾರಿ ಉಳಿ ಹಿಡಿಯುತ್ತಾನೆ. ಉಳಿ ಬಿದ್ದ ಮೇಲೆ ಮುಗಿಯಿತು. ಬಿಟ್ಟುಹೋದ ಅಕ್ಷರವನ್ನು ಸಾಲಿನ ಕೆಳಗೆ ಸಣ್ಣದಾಗಿ ತುರುಕಬಹುದು, ಅಷ್ಟೆ. ತಾಮ್ರಪಟದವರ ಪಾಡು ಸ್ವಲ್ಪ ಮೇಲು. ತಪ್ಪಿದ ಕಡೆ ಸುತ್ತಿಗೆಯಿಂದ ತಟ್ಟಿ ಸಮ ಮಾಡಿ ಮತ್ತೆ ಕೆತ್ತುತ್ತಿದ್ದರು. ದಾನಶಾಸನದ ಕೊನೆಗೆ, ಇದನ್ನು ಅಳಿದವನಿಗೆ ಇಂತಿಂಥ ಪಾಪ ಬರಲಿ ಎಂದು ಶಾಪ ಹಾಕಿರುತ್ತಾರೆ. ಅಳಿಸಬಾರದು ಎಂಬುದೇ ಅದರ ಉದ್ದೇಶ. ಅಂಥ ಕಡೆ ಬರವಣಿಗೆ ಒಮ್ಮೆಗೇ ಸರಿಯಾಗಿರಬೇಕು. ಆದ್ದರಿಂದ ಶಾಸನ ಬರೆಯುವವರು ಸಿದ್ಧವಾದ ಮಾತುಗಳನ್ನು ಹಿಡಿದುಕೊಂಡು ಹೋಗುತ್ತಿದ್ದರು. ಬಿರುದಾವಳಿ, ಎಲ್ಲೆಯ ವಿವರ, ಸಾಕ್ಷಿಗಳ ಹೆಸರು, ಶಾಪ ಎಲ್ಲಕ್ಕೂ ಒಂದು ಅಚ್ಚು ಇತ್ತು. ಇಂದಿನ ರಿಜಿಸ್ಟ್ರಾರ್ ಆಫೀಸಿನ ಪತ್ರಬರಹಗಾರರೂ ಅದೇ ಜಾತಿ.

ಗಡಿಯವರಿಗೆ ಮಾತ್ರ ಗೊತ್ತಾಗುವ ಒಂದು ಸಂಗತಿ ಇಲ್ಲಿ ಹೇಳಿಬಿಡಬೇಕು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳನ್ನು ಮಾತ್ರ ಒಳಗೊಂಡಿತು. ಹಾಗಾಗಿ ಆನೇಕಲ್ ತಾಲ್ಲೂಕಿನ ಕಲ್ಲುಗಳು ಒಂಬತ್ತನೆಯ ಸಂಪುಟದಲ್ಲಿವೆ, ಮಾಲೂರಿನವು ಹತ್ತನೆಯದರಲ್ಲಿವೆ. ಅವೆರಡಕ್ಕೂ ಅಂಟಿಕೊಂಡೇ ಇರುವ ತಳಿ, ಬಾಗಲೂರು, ಬೇರಿಕೆ ಮದರಾಸಿನ ಪಾಲಾಗಿದ್ದರಿಂದ ಅದರ ಹೊರಗೆ ಉಳಿದವು. ಮದರಾಸ್ ಪ್ರಾಂತ್ಯದ ಕನ್ನಡ ಶಾಸನಗಳಿಗೆಂದೇ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಒಂಬತ್ತನೆಯ ಸಂಪುಟ ಬಂದದ್ದು 1939ರಲ್ಲಿ. ಅದರ ಸಂಪಾದಕರಲ್ಲಿ ಒಬ್ಬರು ಅರ್ಥಶಾಸ್ತ್ರವನ್ನು ಲೋಕಕ್ಕೆ ತೋರಿಸಿದ ಆರ್. ಶಾಮಶಾಸ್ತ್ರಿಗಳೇ. ನಮ್ಮ ಕಡೆಯವರಿಗೆ ಆಕರ ಬೇಕೆಂದರೆ ಬೆಂಗಳೂರಿನ ಕಡೆಗೂ ಮದರಾಸಿನ ಕಡೆಗೂ ಕತ್ತು ತಿರುಗಿಸಬೇಕು. ಆ ಅಭ್ಯಾಸ ಇಂದಿಗೂ ಬಿಟ್ಟಿಲ್ಲ.

ಬರವಣಿಗೆ ತಿದ್ದಿಕೊಳ್ಳುವ ಕೈಪಿಡಿ ಎಂದರೆ ಏನೋ ಇಂಗ್ಲಿಷರು ತಂದ ಹೊಸ ಸರಕು ಎಂದು ತಿಳಿದವರಿದ್ದಾರೆ. ಸುಮಾರು 850ರಲ್ಲಿ ಹುಟ್ಟಿದ ಕವಿರಾಜಮಾರ್ಗದ ಮೊದಲ ಪರಿಚ್ಛೇದ ಇರುವುದೇ ಅದಕ್ಕೆ. ಇಂಥದು ದೋಷ ಎಂದು ಹೇಳಿ, ದೋಷವಿರುವ ಪದ್ಯ ಕೊಟ್ಟು, ಅದನ್ನೇ ಹೀಗೆ ಮಾಡಿದರೆ ಸರಿಹೋಗುತ್ತದೆ ಎಂದು ತಿದ್ದಿದ ರೂಪವನ್ನೂ ಪಕ್ಕದಲ್ಲಿಡುತ್ತಾನೆ ಶ್ರೀವಿಜಯ. ತಪ್ಪು, ತಿದ್ದುಪಡಿ ಎರಡನ್ನೂ ಒಟ್ಟಿಗೆ ಕಾಣಿಸುವ ಈ ಉಪಾಯಕ್ಕಿಂತ ಒಳ್ಳೆಯ ಪಾಠಕ್ರಮ ನನಗೆ ಇಂದಿನವರೆಗೂ ಸಿಕ್ಕಿಲ್ಲ. ಸಂಸ್ಕೃತವನ್ನೂ ಕನ್ನಡವನ್ನೂ ಹೊಂದದಂತೆ ಬೆಸೆದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಎಂಬುದು ಅವನದೇ ಎಚ್ಚರಿಕೆ. ಈ ಗ್ರಂಥವನ್ನು 1898ರಲ್ಲಿ ಕೆ.ಬಿ. ಪಾಠಕರು ಮೊದಲು ಅಚ್ಚು ಹಾಕಿಸಿದರು. ಆಮೇಲೆ ಮದರಾಸು ವಿಶ್ವವಿದ್ಯಾಲಯವೂ ಒಂದು ಆವೃತ್ತಿ ತಂದಿತು. ಕನ್ನಡಕ್ಕೆ ಮದರಾಸು ಮಾಡಿದ ಕೆಲಸವನ್ನು ಬೆಂಗಳೂರಿನವರು ಸುಲಭವಾಗಿ ಮರೆಯುತ್ತಾರೆ. ನಾವು ಮರೆಯುವ ಹಾಗಿಲ್ಲ.

ಓಲೆಗರಿಯ ಕಾಲಕ್ಕೆ ತಿದ್ದುವ ಹಕ್ಕು ಕೈಯಿಂದ ಕೈಗೆ ಹರಿಯತೊಡಗಿತು. ಗರಿಯ ಮೇಲೆ ಕಂಟದಿಂದ ಕೊರೆದು, ಮೇಲೆ ಮಸಿ ಸವರಿ ಒರೆಸಿದರೆ ಕೊರೆದ ಗೀರಿನಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಗರಿಯ ಮೈ ಒಮ್ಮೆ ಗಾಯವಾದರೆ ಮಾಯುವುದಿಲ್ಲ. ತಪ್ಪಿದ ಅಕ್ಷರವನ್ನು ಗೀರಿ ಹೊಡೆಯಬೇಕು, ಬಿಟ್ಟ ಅಕ್ಷರಕ್ಕೆ ಹಂಸಪಾದ ಹಾಕಿ ಸಾಲಿನ ಮೇಲೋ ಅಂಚಿನಲ್ಲೋ ಬರೆಯಬೇಕು. ಪ್ರತಿ ಮಾಡಿದವನು ಕೊನೆಯಲ್ಲಿ, ಬೆನ್ನು ಸೊಂಟ ಕತ್ತು ಮುರಿದುಕೊಂಡು ಬರೆದಿದ್ದೇನೆ, ತಪ್ಪಿದ್ದರೆ ಬಲ್ಲವರು ತಿದ್ದಿ ಓದಿಕೊಳ್ಳಬೇಕು ಎಂದು ಕೈಮುಗಿಯುತ್ತಾನೆ. ಅದು ಬರಿಯ ವಿನಯದ ಮಾತಲ್ಲ. ಮುಂದಿನ ಪ್ರತಿಕಾರ ನಿಜವಾಗಿಯೂ ತಿದ್ದುತ್ತಿದ್ದ, ಒಮ್ಮೊಮ್ಮೆ ಸರಿಯಿದ್ದದ್ದನ್ನೂ.

ಹಾಗೆ ತಿದ್ದುವುದನ್ನೇ ದೊಡ್ಡ ಕೆಲಸವಾಗಿ ಮಾಡಿದವನೊಬ್ಬ ನಮ್ಮ ಸೀಮೆಯವನು. ತಳಿಯ ಕಡೆಯ ಗುಮ್ಮಳಾಪುರದ ಹೆಸರು ಇಂದು ಹೆಚ್ಚು ಕೇಳುವುದು ಗೌರಮ್ಮನ ಹಬ್ಬದಿಂದ. ಕನ್ನಡ ಸಾಹಿತ್ಯ ಓದಿದವರಿಗೆ ಅದು ಗುಮ್ಮಳಾಪುರದ ಸಿದ್ಧಲಿಂಗದೇವರ ಊರು. ಅಲ್ಲಮಪ್ರಭುವನ್ನು ನಡುವೆ ಕೂರಿಸಿ, ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆ ಒಂದಲ್ಲ, ನಾಲ್ಕು. ಮೊದಲನೆಯದು ಶಿವಗಣಪ್ರಸಾದಿ ಮಹಾದೇವಯ್ಯನದು, ಎರಡನೆಯದು ಹಲಗೆಯದೇವನದು, ಮೂರನೆಯದು ನಮ್ಮ ಗುಮ್ಮಳಾಪುರದ ಸಿದ್ಧಲಿಂಗನದು, ಕೊನೆಯದು ಗೂಳೂರು ಸಿದ್ಧವೀರಣ್ಣೊಡೆಯನದು. ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ನಡೆದ ಕೆಲಸ ಇದು. ವಚನಗಳು ಹಿಂದಿನವರವು, ಕಥೆಯ ಹಂದರವೂ ಹಿಂದಿನವನದು. ಹಾಗಾದರೆ ಮೂರನೆಯವನು ಮಾಡಿದ್ದೇನು? ಯಾವ ವಚನ ಯಾವ ಮಾತಿಗೆ ಉತ್ತರವಾಗಬೇಕು, ಯಾವುದು ಮೊದಲು ಬರಬೇಕು, ನಡುವೆ ಎಷ್ಟು ಗದ್ಯ ಹಾಕಿದರೆ ಮಾತು ಕೂಡಿಕೊಳ್ಳುತ್ತದೆ ಎಂದು ಎಲ್ಲವನ್ನೂ ಮತ್ತೆ ಹರಡಿಕೊಂಡು ಕೂತ. ಶರಣ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಾಯಿತೇ ಇಲ್ಲವೇ ಎಂಬಂಥ ವಿಷಯದಲ್ಲಿ ಈ ಸಂಪಾದನೆಗಳು ಒಂದೇ ಮಾತು ಹೇಳುವುದಿಲ್ಲ. ತಿದ್ದುಪಡಿ ಅಂದರೆ ಕಾಗುಣಿತ ಸರಿಮಾಡುವುದಷ್ಟೇ ಅಲ್ಲ, ಹಿಂದಿನವನ ಜೊತೆ ಜಗಳ ಆಡುವುದೂ ಹೌದು ಎಂದು ಅದರಿಂದ ಗೊತ್ತಾಗುತ್ತದೆ. ಹೊಸದಾಗಿ ಬರೆಯುವವರು ಸ್ವಂತದ್ದೇ ಬೇಕು ಎಂದು ಹಟ ಹಿಡಿದಾಗ ನಾನು ಗುಮ್ಮಳಾಪುರದ ಹೆಸರು ಹೇಳುತ್ತೇನೆ. ತಳಿಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಊರು, ಅವರಲ್ಲಿ ಹೆಚ್ಚಿನವರು ಹಬ್ಬಕ್ಕೆ ಹೋಗಿರುತ್ತಾರೆ, ಸಿದ್ಧಲಿಂಗನ ಹೆಸರು ಕೇಳಿರುವುದಿಲ್ಲ.

ಇನ್ನು ಕಡತ. ನನ್ನ ಪ್ರಕಾರ ಕನ್ನಡ ನಾಡು ಕಂಡ ಅತ್ಯುತ್ತಮ ಬರವಣಿಗೆಯ ಸಾಧನ ಅದೇ. ಇಂದು ಕಡತ ಎಂದರೆ ಸರ್ಕಾರಿ ಫೈಲು; ಹಿಂದೆ ಅದು ಕರಿ ಬಟ್ಟೆಯ ಪುಸ್ತಕ. ಹುಣಸೆಬೀಜವನ್ನು ಹುರಿದು, ನೆನೆಹಾಕಿ, ಸಿಪ್ಪೆ ತೆಗೆದು, ಅರೆದು ಕುದಿಸಿದರೆ ಗಟ್ಟಿ ಅಂಟು ಬರುತ್ತದೆ. ಅದಕ್ಕೆ ಇದ್ದಿಲ ಪುಡಿ ಕಲಸಿ, ಉದ್ದನೆಯ ಹತ್ತಿಬಟ್ಟೆಯ ಎರಡು ಮೈಗೂ ಬಳಿದು, ಒಣಗಿಸಿ, ನುಣ್ಣಗೆ ತಿಕ್ಕುವುದು. ಆಮೇಲೆ ಕತ್ತರಿಸದೆ ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಮಡಚುವುದು. ಎರಡು ಕೊನೆಗೂ ಮರದ ಹಲಗೆ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಇದನ್ನು ಮನಸ್ಸಿಟ್ಟು ವರ್ಣಿಸಿದ್ದಾನೆ. ಆ ಗ್ರಂಥದ ಮೊದಲ ಸಂಪುಟ ಬಂದದ್ದು 1810ರಲ್ಲಿ. ಅವನು ಕೊಡುವ ಅಳತೆಯಂತೆ ಅಗಲ 8ರಿಂದ 12 ಅಂಗುಲ, ಉದ್ದ 12ರಿಂದ 18 ಅಡಿ. ಬರೆಯುವುದು ಬಳಪದಿಂದ, ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಅಲೆಕ್ಸಾಂಡರನ ನೌಕಾಪಡೆಯ ನಾಯಕ ನಿಯರ್ಕಸ್, ಭಾರತದವರು ಚೆನ್ನಾಗಿ ಬಡಿದ ಬಟ್ಟೆಯ ಮೇಲೆ ಪತ್ರ ಬರೆಯುತ್ತಾರೆ ಎಂದು ಹೇಳಿದ್ದನಂತೆ, ಸ್ಟ್ರಾಬೋ ಅದನ್ನು ಬರೆದಿಟ್ಟಿದ್ದಾನೆ. ಅದು ಕಡತದ ಪೂರ್ವಜ ಎನ್ನಲು ನನ್ನ ಹತ್ತಿರ ಆಧಾರವಿಲ್ಲ, ಹಾಗೆ ಅಂದುಕೊಳ್ಳಲು ಮಾತ್ರ ಇಷ್ಟ.

ನಮ್ಮ ಮನೆಯ ಅಟ್ಟದಲ್ಲೂ ಒಂದು ಕಡತ ಇತ್ತು. ತಾತನ ತಾತ ಶ್ಯಾನುಭೋಗಿಕೆ ಮಾಡಿದ ಕಾಲದ್ದು ಎಂದು ಮನೆಯವರು ಹೇಳುತ್ತಿದ್ದರು. ಮಡಿಕೆಯ ಅಂಚುಗಳಲ್ಲಿ ಕಪ್ಪು ಉದುರಿ ನೂಲು ಕಾಣುತ್ತಿತ್ತು. ಒಳಗೆ ರಾಗಿಯ ಖಂಡುಗ, ಕೊಳಗದ ಲೆಕ್ಕ, ಯಾರದೋ ಹೊಲದ ಚೆಕ್ಕುಬಂದಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಈಗಿನ ಅಂಕಿಯ ಕೆಳಗೆ ಹಿಂದಿನ ಅಂಕಿ ಮಸುಕಾಗಿ ಕಾಣುತ್ತಿತ್ತು. ಮೂರು ಖಂಡುಗ ಇದ್ದದ್ದು ಎರಡಾಗಿತ್ತು ಒಂದು ಕಡೆ. ಮಳೆ ಹೋಗಿ ಬೆಳೆ ಕೆಟ್ಟು ಕಂದಾಯ ಇಳಿಸಿದ್ದೋ, ಬೇರೆ ಏನಾದರೂ ನಡೆದದ್ದೋ ದೇವರಿಗೇ ಗೊತ್ತು. ಶ್ಯಾನುಭೋಗರ ಮನೆತನದವನಾದ ನಾನು ಮಳೆಯ ಮೇಲೇ ಹಾಕಿಬಿಡುತ್ತೇನೆ.

ಒರೆಸಬಲ್ಲವನ ಕೈಯಲ್ಲಿ ಊರಿನ ಲೆಕ್ಕ ಇರುವುದು ರೈತನಿಗೆ ನೆಮ್ಮದಿಯ ವಿಷಯವಲ್ಲ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಕಂಪನಿಯ ಕೈಗೆ ಬಂತು. ಕೃಷ್ಣಗಿರಿ, ಧರ್ಮಪುರಿ ಅದರೊಳಗಿನವು. ಹೊಸೂರು, ಡೆಂಕಣಿಕೋಟೆಯ ಮೇಲುಸೀಮೆ ಸೇರಿದ್ದು 1799ರಲ್ಲಿ, ಟಿಪ್ಪು ಬಿದ್ದ ಮೇಲೆ. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಹೊಲ ಹೊಲ ಅಳೆಸಿ, ಒಬ್ಬೊಬ್ಬ ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಗೆ ಅಡಿಪಾಯ ಹಾಕಿದ್ದು ಬಾರಾಮಹಲಿನಲ್ಲೇ. ಇದರಲ್ಲಿ ರೈತನ ಕೈಗೆ ಪಟ್ಟಾ ಬಂತು. ಶ್ಯಾನುಭೋಗ ಕಡತದಲ್ಲಿ ಏನೇ ಒರೆಸಲಿ, ಕಾಗದದ ಮೇಲೆ ಮಸಿಯಲ್ಲಿ ಬರೆದ ಒಂದು ಪ್ರತಿ ತನ್ನ ಪೆಟ್ಟಿಗೆಯಲ್ಲಿದೆ ಎಂಬ ಧೈರ್ಯ. ಕಡತ ನಿಧಾನವಾಗಿ ಕಚೇರಿಯಿಂದ ಸರಿಯಿತು. ಲೆಕ್ಕಕ್ಕೆ ಕಾಗದ ಒಳ್ಳೆಯದು, ಒಪ್ಪುತ್ತೇನೆ. ಕರಡಿಗೆ ಕಡತದಂಥದು ಇನ್ನೊಂದಿಲ್ಲ. ಹದಿನೈದು ಅಡಿ ಉದ್ದದ ಬರಹ ಪೂರ್ತಿ ಬಿಚ್ಚಿ ನೆಲದ ಮೇಲೆ ಹಾಸಿದರೆ ಮೊದಲೂ ಕೊನೆಯೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.

ಇದೇ ಮನ್ರೋ ಮುಂದೆ ಮದರಾಸಿನ ಗವರ್ನರ್ ಆದ. 1822ರಲ್ಲಿ ಪ್ರಾಂತ್ಯದ ಎಲ್ಲ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಅಲ್ಲಿ ಏನು ಕಲಿಸುತ್ತಾರೆ ಎಂದು ಕಲೆಕ್ಟರುಗಳಿಂದ ವರದಿ ತರಿಸಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ವರದಿ ಅವುಗಳಲ್ಲೆಲ್ಲ ಹೆಚ್ಚು ಸೊಗಸಾದದ್ದು. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತದೆ. ಆಮೇಲೆ ಹಲಗೆ ಅಥವಾ ಕಡತ. ಮೂರು ಅಡಿ ಉದ್ದ, ಒಂದು ಅಡಿ ಅಗಲದ ಮರದ ಹಲಗೆಗೆ ಅನ್ನ ಮತ್ತು ಇದ್ದಿಲು ಬಳಿದರೆ ಬರೆಯಲು ಸಿದ್ಧ. ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಖಾಲಿ. ಖರ್ಚೇ ಇಲ್ಲದ ಈ ಉಪಾಯವನ್ನೂ, ಮುಂದಿನ ತರಗತಿಯ ಹುಡುಗ ಹಿಂದಿನವನಿಗೆ ಕಲಿಸುವ ಪದ್ಧತಿಯನ್ನೂ ಅವನು ಮೆಚ್ಚಿಕೊಂಡ. ಇಂಗ್ಲೆಂಡಿನವರು ಇದನ್ನು ಅನುಸರಿಸಿದ್ದು ತಕ್ಕದ್ದೇ ಎಂದ. ಮೆಚ್ಚದ್ದೂ ಉಂಟು. ಮಕ್ಕಳು ಬಾಯಿಪಾಠ ಮಾಡುವ ಕಾವ್ಯದ ಭಾಷೆ ಆಡುಮಾತಿಗೆ ದೂರ, ಹಾಗಾಗಿ ಅರ್ಥವೇ ಆಗುವುದಿಲ್ಲ ಎಂದು ಅವನ ದೂರು. ಬಳ್ಳಾರಿಯ ಮಾತು ಅದು, ಆದರೆ ನಮ್ಮ ಕೂಲಿಮಠಗಳ ಬಗ್ಗೆ ಹಿರಿಯರು ಹೇಳುತ್ತಿದ್ದ ಕತೆಗಳೂ ಇದೇ ಥರದವು.

ನಾನು ಶಾಲೆಗೆ ಹೋಗುವ ಹೊತ್ತಿಗೆ ಹಲಗೆಯ ಜಾಗಕ್ಕೆ ಮರದ ಚೌಕಟ್ಟಿನ ಕಲ್ಲಿನ ಸ್ಲೇಟು ಬಂದಿತ್ತು. ಆಂಧ್ರದ ಮಾರ್ಕಾಪುರದ ಸ್ಲೇಟು ಎಂದರೆ ಹೆಸರುವಾಸಿ. ಒರೆಸಲು ಬೇಲಿಯ ಮೇಲೆ ಹಬ್ಬಿದ ಕಾಗೆತೊಂಡೆಯ ಎಲೆ. ಎಂಜಲು ಹಚ್ಚಿ ಒರೆಸಿದರೆ ಸರಸ್ವತಿಗೆ ಕೋಪ ಎಂದು ಹೆದರಿಸುತ್ತಿದ್ದರು, ತೊಂಡೆ ಎಲೆಗೆ ಆ ಭಯವಿಲ್ಲ. ಅಂಗೈಯಲ್ಲಿ ಹೊಸೆದು ತಿಕ್ಕಿದರೆ ಹಸಿರು ನೀರು ಬಿಟ್ಟು ಸ್ಲೇಟು ಮೊದಲಿಗಿಂತ ಕಪ್ಪಾಗುತ್ತಿತ್ತು. ಶಾಲೆಯ ಕರಿಹಲಗೆಗೂ ವರ್ಷಕ್ಕೊಮ್ಮೆ ಇದ್ದಿಲು, ತೊಂಡೆಸೊಪ್ಪು ಅರೆದು ಬಳಿಯುವ ಕೆಲಸ ದೊಡ್ಡ ಹುಡುಗರದು. ಉಕ್ತಲೇಖನ ಕೊಟ್ಟಾಗ ತಪ್ಪು ಬರೆದವನು ಮೇಷ್ಟ್ರು ಬರುವುದರೊಳಗೆ ಒರೆಸಿ ಸರಿ ಮಾಡಿಬಿಡಬಹುದಿತ್ತು. ಮೇಷ್ಟ್ರು ಕಂಡೂ ಕಾಣದ ಹಾಗೆ ಹೋಗುತ್ತಿದ್ದರು. ನೋಟ್‌ಬುಕ್ಕು, ಕೆಂಪು ಮಸಿ ಬಂದ ಮೇಲೆ ಆ ಸೌಲಭ್ಯ ಹೋಯಿತು. ತಪ್ಪು ಕಾಗದದ ಮೇಲೆ ನಿಂತಿತು, ಮಗು ಕಡಿಮೆ ಬರೆಯತೊಡಗಿತು.

ನಮ್ಮ ಮಕ್ಕಳ ತಪ್ಪುಗಳು ಬೆಂಗಳೂರಿನ ಮಕ್ಕಳ ತಪ್ಪುಗಳಲ್ಲ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಅಂಗಡಿ ಆಫೀಸಿನಲ್ಲಿ ತಮಿಳು. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಅದಕ್ಕೇ ಮಹಾಪ್ರಾಣ ಎಂದರೆ ನಮ್ಮ ಮಕ್ಕಳಿಗೆ ಪ್ರಾಣಸಂಕಟ: ಬಾರತ, ವಿದ್ಯಾರ್ತಿ, ಜೊತೆಗೆ ಗಂಟೆಯನ್ನು ‘ಘಂಟೆ’ ಎಂದು ಎಲ್ಲೋ ಇಲ್ಲದ ಕಡೆ ಇನ್ನೊಂದು ಮಹಾಪ್ರಾಣ. ತೆಲುಗು ಮೊದಲು ಕಲಿತವನ ತಲಕಟ್ಟು ಮೇಲಕ್ಕೆ ಚಿಮ್ಮಿರುತ್ತದೆ. ಇವೆರಡರ ಮೇಲೆ ನಮ್ಮ ಹಳ್ಳಿಯ ಹಕಾರದ ಸಮಸ್ಯೆ. ಹಳ್ಳಿಯನ್ನು ‘ಅಳ್ಳಿ’ ಅನ್ನುವ ನಾಲಿಗೆ ಬರೆಯುವಾಗ ಹೆದರಿ ಎಲ್ಲದಕ್ಕೂ ಹಕಾರ ಹಚ್ಚುತ್ತದೆ. ತಾತ ಬೆಟ್ಟದಲ್ಲಿ ಹಾಡು ಮೇಯಿಸುತ್ತಾರೆ ಎಂದು ಬರೆದ ಹುಡುಗನಿದ್ದ. ನಾನು ಕೆಂಪು ಮಸಿ ಬಿಟ್ಟೆ. ತಪ್ಪಿರುವ ಸಾಲಿನ ಎದುರಿಗೆ ಅಂಚಿನಲ್ಲಿ ಪೆನ್ಸಿಲಿನ ಚುಕ್ಕೆ ಇಡುವುದು, ತಪ್ಪು ಎಲ್ಲಿದೆ ಎಂದು ಹೇಳದೆ ಇರುವುದು. ಮಗು ಆ ಸಾಲನ್ನು ಪಕ್ಕದವನಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಓದುವಾಗ ಮುಕ್ಕಾಲು ತಪ್ಪು ತಾನೇ ಸಿಕ್ಕಿಬೀಳುತ್ತದೆ. ಆಡು–ಹಾಡು ಮಾತ್ರ ಸಿಕ್ಕಲಿಲ್ಲ. ಕೇಳುವವನ ನಾಲಿಗೆಯೂ ಅದೇ ಊರಿನದು.

ಅಲ್ಲಿ ನಿಘಂಟು ಬೇಕು. ಕಿಟ್ಟೆಲ್ ಕೋಶ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ 1894ರಲ್ಲಿ ಬಂದದ್ದು ಎಲ್ಲರಿಗೂ ಗೊತ್ತು. ಅದನ್ನು ಪರಿಷ್ಕರಿಸಿ ಬೆಳೆಸಿ ನಾಲ್ಕು ಸಂಪುಟ ಮಾಡಿದವರು ಮದರಾಸು ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಎಂ. ಮರಿಯಪ್ಪ ಭಟ್ಟರು, ಪ್ರಕಟವಾದದ್ದು 1968ರಿಂದ 1971ರ ನಡುವೆ, ಮದರಾಸಿನಲ್ಲೇ. ಕಿಟ್ಟೆಲ್ ತೆರೆದರೆ ಗಾದೆ ಓದುತ್ತ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಹುಡುಕಿದ ಪದ ಮರೆತು ಮುಚ್ಚುತ್ತೇವೆ. ದಿನದ ಕೆಲಸಕ್ಕೆ ಸಾಹಿತ್ಯ ಪರಿಷತ್ತಿನ ಕನ್ನಡ ರತ್ನಕೋಶ ಸಾಕು. ವ್ಯಾಕರಣಕ್ಕೆ ತೀ.ನಂ. ಶ್ರೀಕಂಠಯ್ಯನವರ ಕನ್ನಡ ಮಧ್ಯಮ ವ್ಯಾಕರಣ. 1990ರ ದಶಕದಲ್ಲಿ ಬೆಂಗಳೂರಿನ ಬಸ್ಸಿನಲ್ಲಿ ಬರುತ್ತಿದ್ದ ಪ್ರಜಾವಾಣಿಯಲ್ಲಿ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಬಂದಾಗ ನಾನು ಅದನ್ನು ಕತ್ತರಿಸಿ ಅಂಟಿಸಿಡುತ್ತಿದ್ದೆ. ಓದುಗರು ಯಾವುದೋ ಪದದ ಬಗ್ಗೆ ಕಾಗದ ಬರೆಯುವುದು, ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಕಟ್ಟಿದ ವಿದ್ವಾಂಸರು ಅದಕ್ಕೆ ಸಮಾಧಾನವಾಗಿ ಉತ್ತರ ಕೊಡುವುದು. ಅವರು 107 ವರ್ಷ ಬದುಕಿ 2021ರಲ್ಲಿ ತೀರಿಕೊಂಡರು. ಯಾವ ಪ್ರಶ್ನೆಯನ್ನೂ ದಡ್ಡ ಪ್ರಶ್ನೆ ಎಂದು ಅವರು ತಳ್ಳಿಹಾಕಿದ್ದನ್ನು ನಾನು ಓದಿಲ್ಲ. ಅಷ್ಟು ತಾಳ್ಮೆ ನನಗೆ ತರಗತಿಯಲ್ಲಿ ಇರಲಿಲ್ಲ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹೇಳಬಹುದು.

ಗಡಿಯಲ್ಲಿ ಹುಟ್ಟಿದವರು ಭಾಷೆಯನ್ನು ಎಚ್ಚರದಿಂದ ಮುಟ್ಟುತ್ತಾರೆ ಎಂಬುದು ನನ್ನ ಅನಿಸಿಕೆ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. 1916ರಲ್ಲೇ ತಮಿಳಿನಲ್ಲಿ ವಿಜ್ಞಾನದ ಪಾರಿಭಾಷಿಕ ಪದಗಳನ್ನು ಕಟ್ಟಲು ಒಂದು ಸಂಘ ಮಾಡಿದರು. ಬೇರಿಕೆಯ ಆಚೆ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ಮನೆಯಲ್ಲಿ ತಮಿಳಾಡಿ ಕನ್ನಡದಲ್ಲಿ ಬರೆದರು. ಇಬ್ಬರ ಗದ್ಯದಲ್ಲೂ ಆಡಂಬರ ಇಲ್ಲ. ಮಾಸ್ತಿಯವರ ಒಂದು ಕತೆ ಹಿಡಿದು ಅದರಲ್ಲಿ ಯಾವ ಮಾತು ತೆಗೆಯಬಹುದು ನೋಡಿ ಎಂದು ಹತ್ತನೆಯ ತರಗತಿಯವರಿಗೆ ಕೊಡುತ್ತಿದ್ದೆ. ತೆಗೆಯಲು ಏನೂ ಸಿಗದೆ ಅವರು ನನ್ನ ಮೇಲೆ ಸಿಟ್ಟಾಗುತ್ತಿದ್ದರು.

ಬೆರಳಚ್ಚು ಯಂತ್ರದ ಬಗ್ಗೆ ಹೇಳುವುದು ಕಡಿಮೆ. ಕೆ. ಅನಂತಸುಬ್ಬರಾಯರು ರೂಪಿಸಿದ ಕನ್ನಡ ಕೀಲಿಮಣೆ ಕರ್ನಾಟಕದ ಕಚೇರಿಗಳಲ್ಲಿ ಕುಟುಕುಟು ಎನ್ನುತ್ತಿದ್ದಾಗ ನಮ್ಮ ತಾಲ್ಲೂಕು ಆಫೀಸಿನಲ್ಲಿ ಇದ್ದದ್ದು ತಮಿಳು ಯಂತ್ರ. ಒರೆಸುವ ವಿಷಯದಲ್ಲಿ ಅದು ಕಲ್ಲಿಗೆ ಹತ್ತಿರ: ತಪ್ಪಿನ ಮೇಲೆ ಎಕ್ಸ್ ಹೊಡೆದು ಮುಂದಕ್ಕೆ ಹೋಗಬೇಕು. ಗಣಕ ಬಂದು ಲೆಕ್ಕ ತಿರುಗಿಸಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕೆ.ಪಿ. ರಾವ್ ಅವರ ಕೀಲಿವಿನ್ಯಾಸ ಇವುಗಳಿಗೆ ದಾರಿ ಮಾಡಿತ್ತು. ಈಗ ಹುಡುಗರ ಫೋನಿನಲ್ಲೇ ‘ಅಲರ್’ ನಿಘಂಟು ಇದೆ. ವಿ. ಕೃಷ್ಣ ಎಂಬವರು ನಾಲ್ಕು ದಶಕ ಒಬ್ಬರೇ ಕೂತು ಸೇರಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, 2019ರಿಂದ ಅಂತರಜಾಲದಲ್ಲಿ ಎಲ್ಲರಿಗೂ ಬಿಟ್ಟಿ. ಇದಕ್ಕಿಂತ ಏನು ಬೇಕು? ಗಣಕದಲ್ಲಿ ನನಗೆ ಒಂದೇ ತಕರಾರು. ಒರೆಸಿದ್ದು ಪೂರ್ತಿ ಹೋಗಿಬಿಡುತ್ತದೆ. ಕಡತದಲ್ಲಿ ಹಿಂದಿನ ಅಂಕಿ ಮಸುಕಾಗಿಯಾದರೂ ಕಾಣುತ್ತಿತ್ತು. ಎರಡನ್ನೂ ನೋಡಿ ಯಾವುದು ಮೇಲು ಎಂದು ತೂಗಬಹುದಿತ್ತು. ಅದಕ್ಕೆ ಹುಡುಗರಿಗೆ ನಾನು ಹೇಳುವುದು, ಮೊದಲ ಕರಡನ್ನು ಬೇರೆ ಹೆಸರಿನಲ್ಲಿ ಉಳಿಸು, ಅದರ ಪಕ್ಕದಲ್ಲಿ ಹೊಸದು ಬರೆ. ಇನ್ನೊಂದು ಉಪದ್ರವ ಫೋನಿನ ಸಲಹೆಯದು. ನಮ್ಮ ಹಳ್ಳಿಯ ಪದ ಒತ್ತಿದರೆ ಅದು ಬೆಂಗಳೂರಿನ ಪದ ಮುಂದೆ ಚಾಚುತ್ತದೆ, ಒಪ್ಪಿಕೊಂಡುಬಿಡುತ್ತಾರೆ.

2006ರ ಕಾಯಿದೆಯಿಂದ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಡ್ಡಾಯ. ಕನ್ನಡ ಮಾಧ್ಯಮದ ಪಠ್ಯಪುಸ್ತಕವನ್ನು ಈಗಲೂ ಚೆನ್ನೈಯಿಂದಲೇ ಅಚ್ಚು ಮಾಡಿ ಕಳಿಸುತ್ತಾರೆ. ಎರಡೂ ಬರೆಯಲು ಬರುವ ಮಕ್ಕಳು ನಮ್ಮವರು. ಇದರಿಂದ ಕನ್ನಡ ಸೊರಗಿತು ಎನ್ನುವವರ ಮಾತು ಸುಳ್ಳಲ್ಲ, ಆದರೆ ಎರಡು ಭಾಷೆಯಲ್ಲಿ ಒಂದೇ ವಿಷಯ ಬರೆದವನಿಗೆ ಯಾವ ವಾಕ್ಯ ಟೊಳ್ಳು ಎಂದು ಬೇಗ ತಿಳಿಯುತ್ತದೆ. ಇದು ನನಗೆ ಅರ್ಜಿ ಬರೆಯುತ್ತ ಗೊತ್ತಾದದ್ದು. ಸೋಮವಾರ ಸೋಮವಾರ ಕೃಷ್ಣಗಿರಿ ಕಲೆಕ್ಟರ್ ಆಫೀಸಿನಲ್ಲಿ ಜನರ ದೂರು ಕೇಳುವ ದಿನ. ಭಾನುವಾರ ಸಾಯಂಕಾಲ ಯಾರಾದರೂ ಅರ್ಜಿ ಬರೆಸಿಕೊಳ್ಳಲು ಬರುತ್ತಾರೆ: ಪಟ್ಟಾದಲ್ಲಿ ಹೆಸರು ತಪ್ಪಿದೆ, ಆನೆ ಬಂದು ರಾಗಿ ತಿಂದಿದೆ, ದಾರಿಗೆ ಯಾರೋ ಬೇಲಿ ಹಾಕಿದ್ದಾರೆ. ಅವರು ಕನ್ನಡದಲ್ಲಿ ಹೇಳುವುದನ್ನು ಹೇಳಿದ ಹಾಗೆ ಬರೆದುಕೊಳ್ಳುತ್ತೇನೆ, ಓದಿ ಹೇಳುತ್ತೇನೆ, ಆಮೇಲೆ ತಮಿಳಿಗೆ ತಿರುಗಿಸುತ್ತೇನೆ. ತಿರುಗಿಸುವಾಗ ಅರ್ಧ ಮಾತು ತಾನಾಗಿಯೇ ಉದುರಿಹೋಗುತ್ತದೆ. ಉಳಿದದ್ದನ್ನು ಮತ್ತೆ ಓದುತ್ತೇನೆ. ಜವಳಗೆರೆ ಕಡೆಯ ಮುದುಕರೊಬ್ಬರು ಆನೆಯ ಅರ್ಜಿ ಪೂರ್ತಿ ಕೇಳಿಸಿಕೊಂಡು ಹೇಳಿದರು: “ಅಯ್ಯಾ, ತುಂಬಾ ಕಷ್ಟದಲ್ಲಿದೀನಿ ಅಂತ ಕೊನೇಲಿ ಬರೆದಿದೀರಲ್ಲ, ಅದನ್ನ ಹೊಡೆದಾಕಿ. ಎಷ್ಟು ಮೂಟೆ ಹೋಯ್ತು ಅನ್ನೋದನ್ನ ಮೇಲಕ್ಕೆ ತನ್ನಿ.” ಹೊಡೆದುಹಾಕಿದೆ, ಮೂಟೆಯ ಲೆಕ್ಕವನ್ನು ಮೊದಲ ಸಾಲಿಗೆ ತಂದೆ.